ಮೂವತ್ತು ಕೋಟಿ ಟಿಕ್‌ನಿಂದ ನಲವತ್ತೈದು ಕೋಟಿಗೆ

ಮಕ್ಕಳೇ, ಇವತ್ತು ಒಂದು ಹಳೆಯ ಕಂಪ್ಯೂಟರಿನ ಮುಚ್ಚಳ ತೆಗೆದು ಒಳಗೆ ಇಣುಕೋಣ. ಹಳೆಯದೆಂದರೆ ಎಷ್ಟು ಹಳೆಯದು? 1998ರದು. ನೀವು ಯಾರೂ ಆಗ ಹುಟ್ಟಿರಲಿಲ್ಲ. ನಿಮ್ಮ ಅಪ್ಪ ಅಮ್ಮ ಬಹುಶಃ ಶಾಲೆಗೋ ಕಾಲೇಜಿಗೋ ಹೋಗುತ್ತಿದ್ದರು. ಆಗಿನ ಕಂಪ್ಯೂಟರೆಂದರೆ ಮೇಜಿನ ಅರ್ಧ ಜಾಗ ನುಂಗುವ ಕೆನೆಬಣ್ಣದ ತಗಡಿನ ಡಬ್ಬ. ಹಿಂಬದಿಯ ಸ್ಕ್ರೂ ಬಿಚ್ಚಿ ಪಕ್ಕದ ತಗಡನ್ನು ಎಳೆದರೆ ಮೊದಲು ಮೂಗಿಗೆ ಬಡಿಯುವುದು ಧೂಳಿನ ವಾಸನೆ. ಆಮೇಲೆ ಕಣ್ಣಿಗೆ ಬೀಳುವುದು ಒಂದು ಅಗಲವಾದ ಹಲಗೆ. ಅದರ ತುಂಬ ಸಣ್ಣ ಗೆರೆಗಳು, ಪುಟಾಣಿ ಡಬ್ಬಿಗಳು, ಸಾಲುಸಾಲು ಸ್ಲಾಟುಗಳು. ಅದೇ ಮದರ್‌ಬೋರ್ಡ್.

ಆ ಹಲಗೆಯ ಮೇಲೆ ನೆಟ್ಟಗೆ ನಿಂತಿರುವ ಒಂದು ಕಾರ್ಡ್ ಕಾಣುತ್ತಿದೆಯೇ? ಅದರ ಒಂದು ಮೈಗೆ ಬಿಸಿ ಹೀರುವ, ಏಣು ಏಣಾದ ಅಲ್ಯೂಮಿನಿಯಂ ಹೀಟ್‌ಸಿಂಕ್ ಅಂಟಿಕೊಂಡಿದೆ, ಅದರ ಮೇಲೊಂದು ಪುಟ್ಟ ಫ್ಯಾನ್. ಲೆಕ್ಕವನ್ನೆಲ್ಲ ಮಾಡುವ ಚಿಪ್ ಇರುವುದು ಅದರಡಿಯಲ್ಲಿ. ಅದನ್ನೇ ಪ್ರೊಸೆಸರ್ ಅನ್ನುತ್ತೇವೆ. ನಾನು ತೋರಿಸುತ್ತಿರುವುದರ ಹೆಸರು ಇಂಟೆಲ್ ಸೆಲೆರಾನ್ 300ಎ. ಅಮೆರಿಕದ ಇಂಟೆಲ್ ಕಂಪನಿ ಇದನ್ನು 1998ರ ಆಗಸ್ಟ್ 24ರಂದು ಬಿಡುಗಡೆ ಮಾಡಿತು. ಹಳೆಯ ಕಂಪ್ಯೂಟರುಗಳನ್ನು ಕೆದಕುವ ಹವ್ಯಾಸ ಇರುವವರ ಮುಂದೆ ಈ ಹೆಸರನ್ನು ಒಮ್ಮೆ ಹೇಳಿ ನೋಡಿ, ಮುಖ ಅರಳುತ್ತದೆ. ಯಾಕೆಂದು ತಿಳಿಯಬೇಕಾದರೆ ಹೆಸರಿನಲ್ಲಿರುವ ಆ 300 ಏನೆಂದು ಗೊತ್ತಾಗಬೇಕು.

ಪ್ರೊಸೆಸರಿನೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಸ್ವಿಚ್ಚುಗಳಿವೆ. ಈ ಸೆಲೆರಾನಿನಲ್ಲಿ ಸುಮಾರು 1 ಕೋಟಿ 90 ಲಕ್ಷ. ಅವು ಒಂದರಿಂದ ಒಂದಕ್ಕೆ ಕೆಲಸ ದಾಟಿಸುತ್ತವೆ. ಆದರೆ ತಮಗೆ ತೋಚಿದಾಗ ದಾಟಿಸುವುದಿಲ್ಲ. ಒಂದು ‘ಟಿಕ್’ ಆದಾಗ ಎಲ್ಲವೂ ಒಟ್ಟಿಗೇ ಒಂದು ಹೆಜ್ಜೆ ಇಡುತ್ತವೆ, ಮತ್ತೆ ಮುಂದಿನ ಟಿಕ್‌ಗೆ ಕಾಯುತ್ತವೆ. ನಮ್ಮ ಚಿಪ್ಪಿಗೆ ಒಂದು ಸೆಕೆಂಡಿನಲ್ಲಿ 30 ಕೋಟಿ ಟಿಕ್. ಸೆಕೆಂಡಿಗೆ ಹತ್ತು ಲಕ್ಷ ಟಿಕ್ ಆದರೆ ಅದನ್ನು ಒಂದು ಮೆಗಾಹರ್ಟ್ಸ್ ಅನ್ನುತ್ತಾರೆ. ಹಾಗಾಗಿ ಇದು 300 ಮೆಗಾಹರ್ಟ್ಸ್.

ಇದನ್ನು ಮನಸ್ಸಿನಲ್ಲಿ ಚಿತ್ರ ಮಾಡಿಕೊಳ್ಳೋಣ. ಅಂಗಳದಲ್ಲಿ ತೆಂಗಿನಕಾಯಿಯ ರಾಶಿ ಬಿದ್ದಿದೆ, ಹಿತ್ತಿಲ ಕೊಟ್ಟಿಗೆಗೆ ಸಾಗಿಸಬೇಕು. ಹತ್ತು ಮಕ್ಕಳು ಸಾಲಾಗಿ ನಿಂತಿದ್ದೀರಿ. ಜಗಲಿಯ ಮೇಲೆ ಕೂತ ಅಜ್ಜಿ ಚಪ್ಪಾಳೆ ತಟ್ಟುತ್ತಾರೆ. ಒಂದು ಚಪ್ಪಾಳೆ ಬಿದ್ದ ಕೂಡಲೇ ಪ್ರತಿಯೊಬ್ಬರೂ ಕೈಯಲ್ಲಿರುವ ಕಾಯನ್ನು ಎಡಗಡೆಯವರಿಗೆ ಕೊಟ್ಟು ಬಲಗಡೆಯವರಿಂದ ಹೊಸದನ್ನು ತೆಗೆದುಕೊಳ್ಳಬೇಕು. ಚಪ್ಪಾಳೆ ಇಲ್ಲದೆ ಯಾರೂ ಕೈ ಆಡಿಸುವಂತಿಲ್ಲ. ಹೀಗಾಗಿ ಒಂದು ಗಂಟೆಯಲ್ಲಿ ಎಷ್ಟು ಕಾಯಿ ಕೊಟ್ಟಿಗೆ ಸೇರುತ್ತದೆ ಎಂಬುದು ಪೂರಾ ಅಜ್ಜಿಯ ಕೈಯಲ್ಲಿದೆ.

ಈಗ ಅಜ್ಜಿಗೆ ಉಮೇದು ಬಂದು ಚಪ್ಪಾಳೆಯನ್ನು ಚುರುಕು ಮಾಡಿದರು ಅನ್ನಿ. ಸಾಲಿಗೆ ಒಬ್ಬ ಹುಡುಗನನ್ನೂ ಸೇರಿಸಲಿಲ್ಲ, ದಾರಿಯನ್ನೂ ಗಿಡ್ಡ ಮಾಡಲಿಲ್ಲ. ಆದರೂ ಕಾಯಿ ಬೇಗ ಬೇಗ ಸಾಗಿತು. ಓವರ್‌ಕ್ಲಾಕಿಂಗ್ ಅಂದರೆ ಇಷ್ಟೇ. ಚಿಪ್ ಅದೇ, ಸ್ವಿಚ್ಚು ಅವೇ. ಟಿಕ್ ಮಾತ್ರ ಬೇಗ.

ಹಾಗಾದರೆ ಚಪ್ಪಾಳೆಯನ್ನು ಇನ್ನೂ ಇನ್ನೂ ಚುರುಕು ಮಾಡುತ್ತಲೇ ಹೋಗಬಹುದಲ್ಲ? ಇಲ್ಲ. ಸಾಲಿನಲ್ಲಿ ಪುಟ್ಟ ಕೈಯವಳು ಒಬ್ಬಳಿದ್ದಾಳೆ. ಅವಳ ಬೆರಳು ಕಾಯಿಯ ಸುತ್ತ ಸರಿಯಾಗಿ ಕೂರುವ ಮೊದಲೇ ಮುಂದಿನ ಚಪ್ಪಾಳೆ ಬಿದ್ದರೆ ಕಾಯಿ ನೆಲಕ್ಕೆ ಬೀಳುತ್ತದೆ. ಉಳಿದ ಒಂಬತ್ತು ಮಂದಿ ಎಷ್ಟೇ ಚುರುಕಿದ್ದರೂ ಇಡೀ ಸಾಲಿನ ವೇಗ ಅವಳ ವೇಗವೇ. ಚಿಪ್ಪಿನಲ್ಲೂ ಎಲ್ಲಕ್ಕಿಂತ ನಿಧಾನವಾದ ಒಂದು ದಾರಿ ಇರುತ್ತದೆ. ಅಲ್ಲಿಯ ಸ್ವಿಚ್ಚು ಇನ್ನೂ ಪೂರ್ತಿ ತಿರುಗುವ ಮೊದಲೇ ಟಿಕ್ ಬಂದರೆ 1 ಇರಬೇಕಾದ ಕಡೆ 0 ದಾಟಿಬಿಡುತ್ತದೆ. ಕಾಯಿ ಬಿದ್ದರೆ ಸದ್ದಾಗುತ್ತದೆ, ಇಲ್ಲಿ ಅದೂ ಇಲ್ಲ. ಲೆಕ್ಕ ಮೆಲ್ಲಗೆ ತಪ್ಪುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಆಟ ನಿಂತುಬಿಡುತ್ತದೆ, ಇಲ್ಲವೇ ಪರದೆ ನೀಲಿಯಾಗಿ ಏನೋ ಇಂಗ್ಲಿಷಿನಲ್ಲಿ ಗೊಣಗುತ್ತದೆ.

ಒಂದು ಟಿಕ್ ಎಷ್ಟು ಚಿಕ್ಕದೆಂದು ನಿಮಗೆ ತೋರಿಸಬೇಕೆಂದು ನನಗೆ ತುಂಬ ಆಸೆ. ಶಾಲೆಯಲ್ಲಿ ಒಂದು ಮೀಟರ್ ಉದ್ದದ ಮರದ ಅಳತೆ ಪಟ್ಟಿ ಇರುತ್ತದಲ್ಲ, ಅದನ್ನು ತಂದು ಮೇಜಿನ ಮೇಲಿಡಿ. ಬೆಳಕು ಒಂದು ಸೆಕೆಂಡಿನಲ್ಲಿ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ, ಅದಕ್ಕಿಂತ ವೇಗವಾಗಿ ಓಡುವುದು ಯಾವುದೂ ಇಲ್ಲ. ಅಂಥ ಬೆಳಕು ಸೆಲೆರಾನಿನ ಒಂದು ಟಿಕ್‌ಗೂ ಮುಂದಿನ ಟಿಕ್‌ಗೂ ನಡುವೆ ಎಷ್ಟು ದೂರ ಹೋಗುತ್ತದೆ ಗೊತ್ತೇ? ಪಟ್ಟಿಯ ಈ ತುದಿಯಿಂದ ಆ ತುದಿಗೆ. ಒಂದೇ ಮೀಟರ್! 3 ಲಕ್ಷ ಕಿಲೋಮೀಟರನ್ನು ಮೀಟರಿಗೆ ತಿರುಗಿಸಿ 30 ಕೋಟಿಯಿಂದ ಭಾಗಿಸಿ, ನಿಮ್ಮ ನೋಟ್‌ಪುಸ್ತಕದಲ್ಲೇ ಉತ್ತರ ಸಿಗುತ್ತದೆ. ಟಿಕ್ ಅನ್ನು 45 ಕೋಟಿಗೆ ಏರಿಸಿದರೆ ಬೆಳಕಿಗೆ ಸಿಗುವುದು ಬರೀ 67 ಸೆಂಟಿಮೀಟರ್. ಅಷ್ಟರೊಳಗೆ ಚಿಪ್ಪಿನ ಕೆಲಸ ಮುಗಿದಿರಬೇಕು.

ಈ ಚಪ್ಪಾಳೆ ತಟ್ಟುವವರು ಯಾರು? ಮದರ್‌ಬೋರ್ಡಿನ ಮೇಲೆ ಟಾರ್ಚ್ ಹಿಡಿದು ಹುಡುಕಿ. ಬೆಳ್ಳಿ ಬಣ್ಣದ, ಉಗುರಿನಷ್ಟು ಅಗಲದ, ಅಂಚು ದುಂಡಗಿರುವ ಲೋಹದ ಡಬ್ಬಿ ಸಿಗುತ್ತದೆ. ಅದರ ಮೈಮೇಲೆ 14.318 ಎಂದು ಅಚ್ಚೊತ್ತಿರುತ್ತದೆ. ಅದರೊಳಗೆ ಕ್ವಾರ್ಟ್ಜ್ ಎಂಬ ಕಲ್ಲಿನ ತೆಳುವಾದ ಬಿಲ್ಲೆ ಇದೆ. ಮರಳಿನಲ್ಲಿ ಮಿನುಗುವ ಬಿಳಿಯ ಕಣಗಳಿರುತ್ತವಲ್ಲ, ಬಹುಪಾಲು ಅದೇ ವಸ್ತು. ಇದಕ್ಕೊಂದು ವಿಚಿತ್ರ ಗುಣವಿದೆ. ಒತ್ತಿದರೆ ಚೂರು ವಿದ್ಯುತ್ ಹುಟ್ಟುತ್ತದೆ, ವಿದ್ಯುತ್ ಕೊಟ್ಟರೆ ಅದರ ಆಕಾರ ಚೂರು ಬದಲಾಗುತ್ತದೆ. ಕ್ವಾರ್ಟ್ಜ್ ಮತ್ತು ಅಂಥ ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಬರುತ್ತದೆಂದು 1880ರಲ್ಲಿ ಫ್ರಾನ್ಸಿನ ಅಣ್ಣತಮ್ಮಂದಿರು ಝಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ ಕಂಡುಹಿಡಿದರು. ವಿದ್ಯುತ್ ಹರಿಸಿದಾಗ ನಮ್ಮ ಡಬ್ಬಿಯ ಬಿಲ್ಲೆ ಸೆಕೆಂಡಿಗೆ 1 ಕೋಟಿ 43 ಲಕ್ಷಕ್ಕೂ ಹೆಚ್ಚು ಸಲ ಕಂಪಿಸುತ್ತದೆ. ಒಂದು ಸಲವೂ ಲಯ ತಪ್ಪುವುದಿಲ್ಲ.

ಅದೇ ಹಲಗೆಯ ಮೇಲೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಕೊಳವೆಯಂಥ ಇನ್ನೊಂದು ಹರಳು ಇರುತ್ತದೆ. ಅದು ಗಂಟೆ, ತಾರೀಖು ನೆನಪಿಟ್ಟುಕೊಳ್ಳುವುದಕ್ಕೆ. ಅದರ ಕಂಪನ ಸೆಕೆಂಡಿಗೆ 32,768. ಇದೇನು ಇಂಥ ಸೊಟ್ಟ ಸಂಖ್ಯೆ ಅನ್ನಿಸಿತೇ? ಅದನ್ನು ಅರ್ಧ ಮಾಡಿ, ಮತ್ತೆ ಅರ್ಧ ಮಾಡಿ, ಹೀಗೇ ಹದಿನೈದು ಸಲ ಮಾಡುತ್ತ ಹೋಗಿ. ಕೊನೆಗೆ ಏನು ಉಳಿಯುತ್ತದೆಂದು ನಾನು ಹೇಳುವುದಿಲ್ಲ. ನಿಮ್ಮ ಕೈಗಡಿಯಾರದಲ್ಲೂ ಇರುವುದು ಇಂಥದೇ ಹರಳು ಎಂಬ ಸುಳಿವು ಮಾತ್ರ ಕೊಡುತ್ತೇನೆ.

ಹರಳು ಬದಲಿಸಿದರೆ ವೇಗ ಬದಲಾಗುತ್ತದೆ ಎಂದು ಮೊದಮೊದಲ ಹವ್ಯಾಸಿಗಳು ಬೇಗ ಪತ್ತೆ ಹಚ್ಚಿದರು. 1984ರಲ್ಲಿ ಐಬಿಎಂ ಕಂಪನಿ ಪಿಸಿ ಎಟಿ ಎಂಬ ಕಂಪ್ಯೂಟರ್ ತಂದಾಗ ಅದರಲ್ಲಿದ್ದುದು 12 ಮೆಗಾಹರ್ಟ್ಸ್ ಹರಳು. ಅದನ್ನು ಅರ್ಧ ಮಾಡಿ ಪ್ರೊಸೆಸರಿಗೆ 6 ಮೆಗಾಹರ್ಟ್ಸ್ ಟಿಕ್ ಕೊಡುತ್ತಿದ್ದರು. ಜನ ಆ ಹರಳನ್ನು ಕಿತ್ತು 16ರ ಹರಳು ಕೂರಿಸಿದರು. ಕಂಪ್ಯೂಟರ್ 8ರಲ್ಲಿ ಓಡಿತು! ಕಂಪನಿಗೆ ಇದು ಹಿಡಿಸಲಿಲ್ಲ. ಆಮೇಲಿನ ಯಂತ್ರಗಳು ಸ್ವಿಚ್ ಹಾಕಿದ ಕೂಡಲೇ ತಮ್ಮ ವೇಗವನ್ನು ತಾವೇ ಪರೀಕ್ಷಿಸಿ, ಜಾಸ್ತಿ ಇದ್ದರೆ ಮುಷ್ಕರ ಹೂಡುವಂತೆ ಮಾಡಿತು.

1998ರ ಹೊತ್ತಿಗೆ ಹರಳು ಕೀಳುವ ಕಷ್ಟ ಇರಲಿಲ್ಲ. ಹರಳಿನ ಕಂಪನದಿಂದ ಬೇಕಾದ ಟಿಕ್ ತಯಾರಿಸುವ ಚಿಪ್ ಮದರ್‌ಬೋರ್ಡಿನಲ್ಲೇ ಇತ್ತು. ಅದು ಸೆಲೆರಾನ್ 300ಎಗೆ ಕೊಡುತ್ತಿದ್ದುದು 66.67 ಮೆಗಾಹರ್ಟ್ಸ್. ಇದು ಅಜ್ಜಿಯ ಚಪ್ಪಾಳೆ. ಒಂದು ಚಪ್ಪಾಳೆಗೆ ಒಂದೇ ಕಾಯಿ ಎಂದು ಮೊದಲು ಹೇಳಿದೆನಲ್ಲ, ಅದನ್ನು ಈಗ ಸ್ವಲ್ಪ ಬದಲಿಸೋಣ. ಸಾಲಿನ ಮಕ್ಕಳು ತಮ್ಮೊಳಗೇ ಇನ್ನೊಂದು ಎಣಿಕೆ ಇಟ್ಟುಕೊಂಡಿದ್ದಾರೆ. ಅಜ್ಜಿ ಎರಡು ಸಲ ತಟ್ಟುವಷ್ಟರಲ್ಲಿ ಇವರು ಒಂಬತ್ತು ಸಲ ಕಾಯಿ ದಾಟಿಸುತ್ತಾರೆ. ಅಂದರೆ ಒಂದಕ್ಕೆ ನಾಲ್ಕೂವರೆ. 66.67ನ್ನು ನಾಲ್ಕೂವರೆಯಿಂದ ಗುಣಿಸಿ, 300 ಬಂತಲ್ಲ? ಈ ನಾಲ್ಕೂವರೆಯನ್ನು ಯಾರೂ ಮುಟ್ಟದಂತೆ ಇಂಟೆಲ್ ಚಿಪ್ಪಿನೊಳಗೇ ಬೀಗ ಹಾಕಿತ್ತು. ಚಪ್ಪಾಳೆಗೆ ಮಾತ್ರ ಬೀಗ ಇರಲಿಲ್ಲ.

ಅದೇ ವರ್ಷ ಬಂದ 440ಬಿಎಕ್ಸ್ ಎಂಬ ಚಿಪ್‌ಸೆಟ್ ಇದ್ದ ಮದರ್‌ಬೋರ್ಡುಗಳು 100 ಮೆಗಾಹರ್ಟ್ಸ್ ಚಪ್ಪಾಳೆಯನ್ನೂ ತಟ್ಟಬಲ್ಲವಾಗಿದ್ದವು. ಇಂಟೆಲ್‌ನದೇ ದುಬಾರಿ ಪೆಂಟಿಯಂ 2 ಪ್ರೊಸೆಸರುಗಳಿಗೆ ಅದು ಬೇಕಿತ್ತು. ಅಗ್ಗದ ಸೆಲೆರಾನನ್ನು ಆ ಬೋರ್ಡಿಗೆ ಸಿಕ್ಕಿಸಿ 100 ಎಂದು ಹೇಳಿದರೆ? ನೂರು ನಾಲ್ಕೂವರೆ ನಾನೂರೈವತ್ತು! ತಮಾಷೆ ನೋಡಿ, 450 ಮೆಗಾಹರ್ಟ್ಸಿನ ಪೆಂಟಿಯಂ 2 ಬಿಡುಗಡೆಯಾದದ್ದೂ ಅದೇ ಆಗಸ್ಟ್ 24ರಂದೇ. ಸಾವಿರದ ಲೆಕ್ಕದಲ್ಲಿ ಕೊಳ್ಳುವವರಿಗೆ ಅದರ ಬೆಲೆ 669 ಡಾಲರ್, ಸೆಲೆರಾನ್ 300ಎಗೆ 149.

ಎಲ್ಲ 300ಎಗಳೂ 450 ಮುಟ್ಟಲಿಲ್ಲ, ಆದರೆ ಮುಟ್ಟಿದವು ಬಹಳ. ಹಾಗಾದರೆ 450 ಓಡುವ ಚಿಪ್ಪಿನ ಮೇಲೆ 300 ಎಂದು ಯಾಕೆ ಬರೆದರು? ಒಂದು ಕಾರಣ ಎಚ್ಚರಿಕೆ. ಸುಡುಬೇಸಿಗೆಯಲ್ಲಿ, ಧೂಳು ಹಿಡಿದ ಫ್ಯಾನಿನ ಕೆಳಗೆ, ವರ್ಷಗಟ್ಟಲೆ ಓಡಿದರೂ ತಪ್ಪು ಮಾಡಬಾರದು ಎಂದು ಕಂಪನಿ ಕೊಡುವ ಮಾತು ಆ ಸಂಖ್ಯೆ. ಇನ್ನೊಂದು ಕಾರಣ ವ್ಯಾಪಾರ. ಅಗ್ಗದ ಚಿಪ್ ಕೇಳುವವರು ಹೆಚ್ಚು, ಅವರಿಗೂ ಮಾಲು ಬೇಕು. ಹಾಗಾಗಿ ಚೆನ್ನಾಗಿ ಓಡಬಲ್ಲವುಗಳ ಮೇಲೂ ಚಿಕ್ಕ ಸಂಖ್ಯೆ ಬಿತ್ತು. ಇದರಲ್ಲಿ ಮೋಸವೇನೂ ಇಲ್ಲವೆಂದು ನನ್ನ ಅಭಿಪ್ರಾಯ. 300 ಕೊಡುತ್ತೇನೆಂದವರು 300 ಕೊಟ್ಟರು.

ಈ ಚಿಪ್ಪಿಗೆ ಇನ್ನೊಂದು ಅದೃಷ್ಟವೂ ಇತ್ತು. ಪದೇ ಪದೇ ಬೇಕಾಗುವ ಸಂಖ್ಯೆಗಳನ್ನು ಪಕ್ಕದಲ್ಲೇ ಇಟ್ಟುಕೊಳ್ಳುವುದಕ್ಕೆ ಪ್ರೊಸೆಸರಿಗೆ ಒಂದು ಪುಟ್ಟ ಜಾಗ ಬೇಕು, ಅದಕ್ಕೆ ಕ್ಯಾಶ್ ಎನ್ನುತ್ತಾರೆ. ಪೆಂಟಿಯಂ 2ರಲ್ಲಿ ಈ ಕ್ಯಾಶ್ ದೊಡ್ಡದಿತ್ತು, 512 ಕಿಲೋಬೈಟ್. ಆದರೆ ಅದು ಬೇರೆ ಚಿಪ್ಪುಗಳಲ್ಲಿದ್ದು ಅರ್ಧ ವೇಗದಲ್ಲಿ ಓಡುತ್ತಿತ್ತು. 300ಎಯಲ್ಲಿ ಇದ್ದುದು 128 ಕಿಲೋಬೈಟ್ ಮಾತ್ರ, ಆದರೆ ಪ್ರೊಸೆಸರಿನ ಮೈಯೊಳಗೇ, ಪೂರ್ತಿ ವೇಗದಲ್ಲಿ. ಹೆಸರಿನ ಕೊನೆಯ ‘ಎ’ ಅದರ ಗುರುತು. ‘ಎ’ ಇಲ್ಲದ ಹಿಂದಿನ ಸೆಲೆರಾನುಗಳಲ್ಲಿ ಈ ಕ್ಯಾಶ್ ಇರಲೇ ಇಲ್ಲ, ಅವು ಏದುಸಿರು ಬಿಡುತ್ತಿದ್ದವು.

ಸರಿ, 100 ಎಂದು ಬೋರ್ಡಿಗೆ ಹೇಳುವುದು ಹೇಗೆ? ತೈವಾನಿನ ಏಬಿಟ್ ಕಂಪನಿಯ ಬಿಎಚ್6 ಎಂಬ ಮದರ್‌ಬೋರ್ಡಿನಲ್ಲಿ ಅದು ಸುಲಭ. ಕಂಪ್ಯೂಟರ್ ಶುರುವಾಗುವಾಗ ಒಂದು ಕೀಲಿ ಒತ್ತಿದರೆ ಬಯಾಸ್ ಎಂಬ ಪ್ರೋಗ್ರಾಮಿನ ಮೆನು ತೆರೆಯುತ್ತದೆ, ಅಲ್ಲಿ ಸಂಖ್ಯೆ ಬದಲಿಸಿದರೆ ಮುಗಿಯಿತು. ಬೇರೆ ಬೋರ್ಡುಗಳು ಚಿಪ್ಪನ್ನೇ ಕೇಳಿ ತಿಳಿಯುತ್ತಿದ್ದವು. ಚಿಪ್ಪಿನ ಕಾರ್ಡನ್ನು ಹೊರಗೆಳೆದರೆ ಅದರ ಕೆಳ ಅಂಚಿನಲ್ಲಿ ಚಿನ್ನದ ಬಣ್ಣದ 242 ಪಟ್ಟಿಗಳಿವೆ. ಅವುಗಳಲ್ಲಿ ಬಿ21 ಎಂಬುದು ‘ನನಗೆ 66 ಸಾಕು’ ಎಂದು ಬೋರ್ಡಿಗೆ ತಿಳಿಸುವ ಪಟ್ಟಿ. ಹವ್ಯಾಸಿಗಳು ಅದೊಂದರ ಮೇಲೆ ಮಾತ್ರ ಚೂರು ಟೇಪು ಅಂಟಿಸಿದರು. ಕೆಲವರು ಉಗುರುಬಣ್ಣ ಬಳಿದರು. ಬೋರ್ಡಿಗೆ ಆ ಮಾತು ಕೇಳಿಸಲಿಲ್ಲ, 100 ತಟ್ಟಲು ಶುರು ಮಾಡಿತು!

ಇಲ್ಲೊಂದು ಸ್ವಾರಸ್ಯವಿದೆ, ಸ್ವಲ್ಪ ನಿಂತು ನೋಡೋಣ. 66ರಿಂದ ಒಮ್ಮೆಲೇ 100ಕ್ಕೆ ಹಾರುವುದು ಭಯ, ನಡುವೆ 83ರಲ್ಲಿ ನಿಲ್ಲೋಣ ಅಂತ ನಿಮಗನ್ನಿಸಬಹುದು. ನನಗೂ ಮೊದಲು ಕೇಳಿದಾಗ ಅದೇ ಜಾಣತನ ಅನ್ನಿಸಿತ್ತು. ಆದರೆ ಅಜ್ಜಿಯ ಚಪ್ಪಾಳೆಯನ್ನು ಕೇಳುವವರು ಈ ಸಾಲಿನವರು ಮಾತ್ರವಲ್ಲ. ಹಾರ್ಡ್ ಡಿಸ್ಕ್, ಸೌಂಡ್ ಕಾರ್ಡುಗಳಿಗೆ ಹೋಗುವ ದಾರಿಗೂ ಅದರಿಂದಲೇ ಟಿಕ್ ಹೋಗಬೇಕು, ಅವುಗಳಿಗೆ ಬೇಕಾದದ್ದು 33. 66 ಇದ್ದಾಗ ಬೋರ್ಡು ಅದನ್ನು ಎರಡರಿಂದ ಭಾಗಿಸುತ್ತದೆ, 33 ಆಯಿತು. 100 ಇದ್ದಾಗ ಮೂರರಿಂದ ಭಾಗಿಸುತ್ತದೆ, ಆಗಲೂ 33. ಆದರೆ 83ಕ್ಕೆ ಎರಡರಿಂದಲೇ ಭಾಗಿಸುತ್ತದೆ, ಅಲ್ಲಿಗೆ ನಲವತ್ತೊಂದೂವರೆ! ಪ್ರೊಸೆಸರ್ ಹಾಯಾಗಿ ಓಡುತ್ತಿದ್ದರೂ ಹಾರ್ಡ್ ಡಿಸ್ಕಿಗೆ ಬರೆಯುವ ಮಾಹಿತಿ ಕೆಡಬಹುದು. ನಡುವಿನ ಮೆಟ್ಟಿಲಿಗಿಂತ ಮೇಲಿನ ಮೆಟ್ಟಿಲೇ ಇಲ್ಲಿ ಭದ್ರ.

ಇನ್ನು ಬಿಸಿಯ ವಿಷಯ. ಕಾಯಿ ದಾಟಿಸುವ ಮಕ್ಕಳು ಬೆವರುವ ಹಾಗೆ ಪ್ರತಿ ಟಿಕ್‌ಗೂ ಸ್ವಿಚ್ಚುಗಳು ಒಂದಿಷ್ಟು ಶಕ್ತಿ ಬಳಸಿ ಬಿಸಿಯಾಗುತ್ತವೆ. ಟಿಕ್ ಒಂದೂವರೆ ಪಟ್ಟಾದರೆ ಬಿಸಿಯೂ ಸುಮಾರು ಒಂದೂವರೆ ಪಟ್ಟು. ಚಿಪ್ ತಡವರಿಸಿದರೆ ಅದಕ್ಕೆ ಕೊಡುವ ವೋಲ್ಟೇಜನ್ನು ತುಸು ಏರಿಸುವುದುಂಟು, 2 ವೋಲ್ಟಿನಿಂದ 2.2ಕ್ಕೆ. ಆಗ ಸ್ವಿಚ್ಚುಗಳು ಬೇಗ ತಿರುಗುತ್ತವೆ. ಆದರೆ ವೋಲ್ಟೇಜಿನ ಏರಿಕೆ ಬಿಸಿಯ ಲೆಕ್ಕದಲ್ಲಿ ಎರಡು ಸಲ ಗುಣಿಸಿಕೊಂಡು ಬರುತ್ತದೆ. ಒಂದೂವರೆಯನ್ನು 1.1ರಿಂದ ಗುಣಿಸಿ, ಬಂದದ್ದನ್ನು ಮತ್ತೆ 1.1ರಿಂದ ಗುಣಿಸಿ. ಮೊದಲಿನ ಬಿಸಿಯ 1.8 ಪಟ್ಟು! ಅದಕ್ಕೇ ದೊಡ್ಡ ಹೀಟ್‌ಸಿಂಕ್, ಚುರುಕು ಫ್ಯಾನ್. ಹಳೆಯ ಚಿಪ್ಪಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಪುಡಿಪುಡಿಯಾಗಿರುತ್ತದೆ. ಅದನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿ ಹೊಸದನ್ನು ತೆಳುವಾಗಿ ಹಚ್ಚಬೇಕು. ಲೋಹ ಮತ್ತು ಚಿಪ್ಪಿನ ನಡುವಿನ ಗಾಳಿಯ ಸಂದು ತುಂಬುವುದಷ್ಟೇ ಅದರ ಕೆಲಸ, ಮೆತ್ತಬಾರದು.

ಲೆಕ್ಕ ಮೆಲ್ಲಗೆ ತಪ್ಪುತ್ತದೆ ಎಂದೆನಲ್ಲ, ಅದನ್ನು ಹಿಡಿಯುವುದು ಹೇಗೆ? ಉತ್ತರ ಮೊದಲೇ ಗೊತ್ತಿರುವ ಲೆಕ್ಕ ಕೊಟ್ಟು! ಪ್ರೈಮ್95 ಎಂಬ ಪ್ರೋಗ್ರಾಂ ಇದೆ. ಅದು ಹುಟ್ಟಿದ್ದು ಬಹಳ ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವುದಕ್ಕೆ. ಅದಕ್ಕೊಂದು ಪರೀಕ್ಷೆಯ ವಿಧಾನವೂ ಇದೆ. ಗಂಟೆಗಟ್ಟಲೆ ಭಾರೀ ಗುಣಾಕಾರ ಮಾಡಿಸುತ್ತದೆ, ಉತ್ತರವನ್ನು ತನ್ನ ಬಳಿ ಇರುವ ಸರಿಯುತ್ತರದ ಜೊತೆ ಹೋಲಿಸುತ್ತದೆ, ಒಂದು ಅಂಕಿ ಬೇರೆಯಾದರೂ ನಿಲ್ಲಿಸಿ ದೂರು ಹೇಳುತ್ತದೆ. ರಾತ್ರಿಯಿಡೀ ಓಡಿ ಬೆಳಿಗ್ಗೆ ದೂರಿಲ್ಲದಿದ್ದರೆ ಹವ್ಯಾಸಿಗೆ ಹಬ್ಬ.

ಟಿಕ್ ಏರಿಸುವುದಷ್ಟೇ ಅಲ್ಲ, ಹೊಸ ಬಿಡಿಭಾಗ ಹಾಕಿಯೂ ಹಳೆಯ ಯಂತ್ರವನ್ನು ಸುಧಾರಿಸಬಹುದು. ಆದರೆ ಅದಕ್ಕೂ ಮೊದಲು ಯಂತ್ರದ ಆರೋಗ್ಯ ನೋಡಬೇಕು, ಇದನ್ನು ಮಾತ್ರ ನಾನು ಒತ್ತಿ ಹೇಳುತ್ತೇನೆ. ಬೋರ್ಡಿನ ಮೇಲೆ ನಿಂತಿರುವ ಪುಟಾಣಿ ಉರುಟು ಡಬ್ಬಿಗಳು ಕೆಪ್ಯಾಸಿಟರುಗಳು. ಅವುಗಳ ತಲೆಯನ್ನು ಪಕ್ಕದಿಂದ, ಕಣ್ಣಿನ ಮಟ್ಟದಲ್ಲಿ ನೋಡಿ. ಚಪ್ಪಟೆ ಇದ್ದರೆ ಸರಿ. ಉಬ್ಬಿದ್ದರೆ, ಕಂದು ಅಂಟು ಒಸರಿದ್ದರೆ ಅದು ಸೋತಿದೆ ಎಂದರ್ಥ, ಬೆಸುಗೆ ಗೊತ್ತಿರುವ ದೊಡ್ಡವರು ಬದಲಿಸಬೇಕು. ಗುಂಡನೆಯ 3 ವೋಲ್ಟಿನ ಬ್ಯಾಟರಿ ಸಿಆರ್2032 ಖಂಡಿತ ಸತ್ತಿರುತ್ತದೆ, ಅದನ್ನು ಅಂಗಡಿಯಿಂದ ತಂದು ಹಾಕಿ. ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ‍್ಯಾಮ್ ಕಾರ್ಡಿನ ಚಿನ್ನದ ಪಟ್ಟಿಗಳು ಮಂಕಾಗಿದ್ದರೆ ರಿಪೇರಿ ಅಂಗಡಿಯವರು ಬರೆಯುವ ರಬ್ಬರಿನಿಂದ ಮೆತ್ತಗೆ ಉಜ್ಜುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ ಅಲ್ಲಿನ ಯಾವುದೇ ಸಣ್ಣ ಅಂಗಡಿಯಲ್ಲಿ ಈ ದೃಶ್ಯ ಕಾಣಬಹುದು.

ಆಮೇಲೆ ರ‍್ಯಾಮ್ ಹೆಚ್ಚಿಸಬಹುದು. 100ರ ಚಪ್ಪಾಳೆಗೆ ಕನಿಷ್ಠ ಪಿಸಿ100 ಎಂದು ಬರೆದ ರ‍್ಯಾಮ್ ಬೇಕು. ಹೆಚ್ಚಾದಷ್ಟೂ ಒಳ್ಳೆಯದೆಂದು ತುಂಬಬೇಡಿ. ವಿಂಡೋಸ್ 98ಗೆ 512 ಮೆಗಾಬೈಟಿಗಿಂತ ಹೆಚ್ಚು ಕೊಟ್ಟರೆ ಅದು ತಬ್ಬಿಬ್ಬಾಗುತ್ತದೆ, 256 ಧಾರಾಳ ಸಾಕು. ಗರಗರ ಸದ್ದು ಮಾಡುವ ಹಾರ್ಡ್ ಡಿಸ್ಕಿನ ಜಾಗದಲ್ಲಿ, ಹಳೆಯ ಕ್ಯಾಮೆರಾಗಳಲ್ಲಿ ಬಳಸುತ್ತಿದ್ದ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡನ್ನು ಒಂದು ಅಡಾಪ್ಟರಿನ ಮೂಲಕ ಜೋಡಿಸುವವರೂ ಇದ್ದಾರೆ.

ನೀವು ಇದನ್ನೆಲ್ಲ ಮಾಡುವುದಾದರೆ ಪಕ್ಕದಲ್ಲಿ ದೊಡ್ಡವರು ಇರಲೇಬೇಕು. ಮೊದಲು ಪ್ಲಗ್ ಕೀಳಿ. ವೈರುಗಳ ಕಂತೆ ಹೊರಬರುವ ತಗಡಿನ ಪೆಟ್ಟಿಗೆ, ಎಸ್‌ಎಂಪಿಎಸ್, ಅದನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ. ಮನೆಯವರು ಕೆಲಸಕ್ಕೆ ಬಳಸುವ ಕಂಪ್ಯೂಟರ್ ಕೂಡ ಈ ಆಟಕ್ಕಲ್ಲ. ಯಾರಿಗೂ ಬೇಡವಾಗಿ ಅಟ್ಟ ಸೇರಿದ್ದನ್ನು ಕೇಳಿ ತೆಗೆದುಕೊಳ್ಳಿ.

ಅಟ್ಟದಲ್ಲಿ ಇದಕ್ಕಿಂತಲೂ ಹಳೆಯ, 1990ರ ಸುಮಾರಿನ ಡಬ್ಬ ಸಿಕ್ಕಿದರೆ ಅದರ ಮುಂಭಾಗದಲ್ಲಿ ‘ಟರ್ಬೊ’ ಎಂಬ ಗುಂಡಿ ಇದೆಯೇ ನೋಡಿ. 1981ರಲ್ಲಿ ಬಂದ ಮೊದಲ ಐಬಿಎಂ ಪಿಸಿಯ ವೇಗ 4.77 ಮೆಗಾಹರ್ಟ್ಸ್. ಆಗಿನ ಕೆಲವು ಆಟಗಳನ್ನು ಆ ವೇಗವನ್ನೇ ನಂಬಿ ಬರೆದಿದ್ದರು. ವೇಗದ ಯಂತ್ರದಲ್ಲಿ ಹಾಕಿದರೆ ನೀವು ಕೀಲಿ ಒತ್ತುವ ಮೊದಲೇ ಆಟ ಮುಗಿದಿರುತ್ತದೆ. ಹಾಗಾಗಿ ಟರ್ಬೊ ಗುಂಡಿಯಿಂದ ಯಂತ್ರವನ್ನು ಬೇಕೆಂದೇ ನಿಧಾನ ಮಾಡಿಕೊಳ್ಳುತ್ತಿದ್ದರು. ಗುಂಡಿಯ ಪಕ್ಕದ ಪುಟ್ಟ ಕಿಟಕಿಯಲ್ಲಿ 33, 66 ಎಂದು ಕೆಂಪು ಅಥವಾ ಹಸಿರು ಅಂಕಿ ಹೊಳೆಯುತ್ತಿತ್ತು. ನೋಡಿದವರೆಲ್ಲ ಅದು ಯಂತ್ರದ ವೇಗ ಅಳೆದು ತೋರಿಸುತ್ತಿದೆ ಅಂದುಕೊಳ್ಳುತ್ತಿದ್ದರು. ಅದು ಏನನ್ನೂ ಅಳೆಯುವುದಿಲ್ಲ! ಹಿಂಬದಿಯಲ್ಲಿರುವ, ಜಂಪರ್ ಎಂಬ ಪುಟ್ಟ ಕ್ಲಿಪ್ಪುಗಳನ್ನು ಹೇಗೆ ಸಿಕ್ಕಿಸಿದರೆ ಹಾಗೆ ಅಂಕಿ ಮೂಡುತ್ತದೆ. ಬೇಕಿದ್ದರೆ ಅಲ್ಲಿ ನಿಮ್ಮ ಹುಟ್ಟಿದ ತಾರೀಖನ್ನೂ ಕೂರಿಸಬಹುದು.